ಗಾಜಿನಾರಿನ ಪೆಟ್ರೋಲ್ ಟ್ಯಾಂಕ್: ಇಂಗ್ಲೆಂಡಿನ ಬಿಡಿಭಾಗ ವ್ಯಾಪಾರದ ಒಂದು ಅಧ್ಯಾಯ

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ದೊಡ್ಡ ಕಾರ್ಖಾನೆಗಳ ಕಡೆಗೇ ದೃಷ್ಟಿ ಹರಿಸುವರು. ಅದಕ್ಕೆ ಕಾರಣವಿಲ್ಲದಿಲ್ಲ. ದೊಡ್ಡ ಕಾರ್ಖಾನೆಗೆ ಆಡಳಿತ ಮಂಡಲಿಯುಂಟು, ವಾರ್ಷಿಕ ವರದಿಯುಂಟು, ಕಾರ್ಮಿಕ ಸಂಘದೊಡನೆ ನಡೆಸಿದ ಪತ್ರವ್ಯವಹಾರವುಂಟು. ಊರ ಹೊರವಲಯದ ಶೆಡ್ಡೊಂದರಲ್ಲಿ ಇಬ್ಬರು ಮೂವರು ಕೂಡಿ ನಡೆಸಿದ ಕಾರ್ಯಾಗಾರಕ್ಕೆ ಇವು ಯಾವುವೂ ಇಲ್ಲ. ಅದು ಉಳಿಸಿಹೋಗುವುದು ಪತ್ರಿಕೆಯ ಕೊನೆಯ ಪುಟದಲ್ಲಿ ಅಚ್ಚಾದ ಒಂದು ಜಾಹೀರಾತು, ಒಂದು ಬೆಲೆಪಟ್ಟಿ ಮತ್ತು ತಾನು ತಯಾರಿಸಿದ ವಸ್ತು, ಇಷ್ಟನ್ನು ಮಾತ್ರ. ಎರಡನೆಯ ಮಹಾಯುದ್ಧದ ಅನಂತರ ಇಂಗ್ಲೆಂಡಿನ ಯುವಕರು ತಮ್ಮ ಮೋಟಾರ್ ಸೈಕಲುಗಳನ್ನು ತಾವೇ ಬಿಚ್ಚಿ, ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸಿ, ಹೊಸ ವಾಹನಗಳನ್ನಾಗಿ ಕಟ್ಟಿಕೊಂಡ ಕಾಲದಲ್ಲಿ ಅವರಿಗೆ ಬಿಡಿಭಾಗಗಳನ್ನು ಒದಗಿಸಿದ ವರ್ತಕರ ಇತಿಹಾಸವು ಇಂತಹುದು. ಆ ಭಾಗಗಳಲ್ಲಿ ಗಾಜಿನಾರಿನ, ಅಂದರೆ ಫೈಬರ್‌ಗ್ಲಾಸಿನ, ಪೆಟ್ರೋಲ್ ಟ್ಯಾಂಕನ್ನು ಇಲ್ಲಿ ವಿವೇಚನೆಗೆ ಎತ್ತಿಕೊಂಡಿದೆ.

ಮೊದಲು ವಾಹನದ ಮಾತು. 1950ರಲ್ಲಿ ನಾರ್ಟನ್ ಸಂಸ್ಥೆಯು ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಸಹೋದರರು ರೂಪಿಸಿದ ಹೊಸ ಚೌಕಟ್ಟನ್ನು ತನ್ನ ಪಂದ್ಯದ ವಾಹನಗಳಿಗೆ ಅಳವಡಿಸಿತು. ಆ ವರ್ಷವೇ ಮ್ಯಾನ್ ದ್ವೀಪದ ಸೀನಿಯರ್ ಟಿ. ಟಿ. ಪಂದ್ಯವನ್ನು ಜೆಫ್ ಡ್ಯೂಕ್ ಇದರ ಮೇಲೆ ಗೆದ್ದನು. ಗರಿಹಾಸಿಗೆಯಂತೆ ಸುಖವಾಗಿ ಸಾಗುವುದೆಂಬ ಅರ್ಥದಲ್ಲಿ ಈ ಚೌಕಟ್ಟಿಗೆ ‘ಫೆದರ್‌ಬೆಡ್’ ಎಂಬ ಹೆಸರು ನಿಂತಿತು. ಇದೇ ಕಾಲದಲ್ಲಿ 500 ಸಿ. ಸಿ. ಎಂಜಿನ್ನಿನ ಸಣ್ಣ ಪಂದ್ಯದ ಕಾರುಗಳ ಸ್ಪರ್ಧೆಯು ಇಂಗ್ಲೆಂಡಿನಲ್ಲಿ ಬಹು ಜನಪ್ರಿಯವಾಗಿದ್ದಿತು. ಆ ಕಾರುಗಳಿಗೆ ನಾರ್ಟನ್ ಎಂಜಿನ್ ಅತ್ಯುತ್ತಮವೆನಿಸಿತ್ತು; ಆದರೆ ಸಂಸ್ಥೆಯು ಎಂಜಿನ್ನನ್ನು ಬಿಡಿಯಾಗಿ ಮಾರಲು ಒಪ್ಪಲಿಲ್ಲ. ಆದಕಾರಣ ಕಾರಿನವರು ಇಡೀ ಮೋಟಾರ್ ಸೈಕಲನ್ನು ಕೊಂಡು, ಎಂಜಿನ್ನನ್ನು ತೆಗೆದುಕೊಂಡು, ಉಳಿದುದನ್ನು ಮಾರಿಬಿಡತೊಡಗಿದರು. ಎಂಜಿನ್ನಿಲ್ಲದ ಉತ್ತಮ ಚೌಕಟ್ಟುಗಳು ಹೀಗೆ ಪೇಟೆಗೆ ಬಂದುವು. ಟ್ರಯಂಫ್ ಸಂಸ್ಥೆಯ ಅವಳಿ ಸಿಲಿಂಡರಿನ ಎಂಜಿನ್ನನ್ನು ಅವುಗಳಲ್ಲಿ ಕೂಡಿಸಿದಾಗ ‘ಟ್ರೈಟನ್’ ಎಂಬ ಮಿಶ್ರ ವಾಹನವು ಹುಟ್ಟಿತು. ಒಂದು ಕಾರ್ಖಾನೆಯ ವ್ಯಾಪಾರನೀತಿಯು ತಾನು ಎಣಿಸದಿದ್ದ ಒಂದು ಕಸಬಿಗೆ ಜನ್ಮಕೊಟ್ಟಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡು ಸಂಸ್ಥೆಗಳ ಭಾಗಗಳನ್ನು ಒಂದಾಗಿಸಲು ನಡುವೆ ಮೂರನೆಯವನೊಬ್ಬನು ಬೇಕು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿಯುವ ತಟ್ಟೆಗಳು, ತಗ್ಗಿದ ಹಿಡಿಗಳು, ಹಿಂದಕ್ಕೆ ಸರಿಸಿದ ಕಾಲ್ಮಣೆಗಳು, ಬೆನ್ನುಬ್ಬಿನ ಪೀಠ, ಇವನ್ನೆಲ್ಲ ಮಾರುವ ಅಂಗಡಿಗಳು ತಲೆಯೆತ್ತಿದುವು. ಲಂಡನ್ನಿನ ಉತ್ತರ ವರ್ತುಲ ರಸ್ತೆಯಲ್ಲಿದ್ದ ಏಸ್ ಕೆಫೆಯಂತಹ ಉಪಾಹಾರಗೃಹಗಳ ಮುಂದೆ ಈ ವಾಹನಗಳ ಪ್ರದರ್ಶನವು ರಾತ್ರಿರಾತ್ರಿ ನಡೆಯುತ್ತಿತ್ತು. 1938ರಲ್ಲಿ ಆರಂಭವಾಗಿ, ಯುದ್ಧದಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮತ್ತೆ ಕಟ್ಟಲ್ಪಟ್ಟ ಈ ಕೆಫೆಯು 1969ರಲ್ಲಿ ಮುಚ್ಚಿತು. 2001ರಲ್ಲಿ ಮರಳಿ ತೆರೆಯಿತು. ವೃತ್ತಪತ್ರಿಕೆಗಳು ಅಲ್ಲಿಗೆ ಸೇರುತ್ತಿದ್ದ ಹುಡುಗರ ಪುಂಡಾಟವನ್ನೇ ವರ್ಣಿಸಿದುವು. ಆ ಹುಡುಗರು ಲೋಹವನ್ನು ಕೊರೆಯಬಲ್ಲವರು, ಅಳೆಯಬಲ್ಲವರು ಎಂಬ ಸಂಗತಿಯು ಅವುಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಟ್ಯಾಂಕಿನ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. ಉಕ್ಕಿನ ಟ್ಯಾಂಕನ್ನು ತಯಾರಿಸಲು ಭಾರಿ ಒತ್ತುಯಂತ್ರವೂ ಅದಕ್ಕೆ ತಕ್ಕ ಉಕ್ಕಿನ ಅಚ್ಚುಗಳೂ ಬೇಕು. ಆ ಅಚ್ಚಿನ ವೆಚ್ಚವು ಸಾವಿರಾರು ಟ್ಯಾಂಕುಗಳ ಮೇಲೆ ಹಂಚಿಹೋದಲ್ಲದೆ ಗಿಟ್ಟುವುದಿಲ್ಲ. ಅಲ್ಯೂಮಿನಿಯಮ್ ತಗಡನ್ನು ಕೈಯಿಂದ ಬಡಿದು ರೂಪಿಸಬಹುದು, ಪಂದ್ಯದ ವಾಹನಗಳಿಗೆ ಹಾಗೆ ಮಾಡುತ್ತಲೂ ಇದ್ದರು. ಆದರೆ ಅದಕ್ಕೆ ನುರಿತ ಕಮ್ಮಟಗಾರನು ಬೇಕು, ಒಂದೊಂದು ಟ್ಯಾಂಕಿಗೂ ಅವನ ಅಷ್ಟೇ ಸಮಯವು ವ್ಯಯವಾಗುತ್ತದೆ. ಗಾಜಿನಾರು ಈ ಎರಡು ಕಷ್ಟಗಳನ್ನೂ ತಪ್ಪಿಸಿತು. ಗಾಜಿನ ನೂಲನ್ನು ವಾಣಿಜ್ಯ ಪ್ರಮಾಣದಲ್ಲಿ ತೆಗೆಯುವ ವಿಧಾನವು 1930ರ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧಿಸಿ, 1938ರಲ್ಲಿ ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಸಂಸ್ಥೆಯು ಸ್ಥಾಪಿತವಾಯಿತು. ಪಾಲಿಯೆಸ್ಟರ್ ರಾಳದೊಡನೆ ಇದನ್ನು ಕೂಡಿಸಿದ ಹಾಳೆಗಳಿಂದ ಯುದ್ಧಕಾಲದಲ್ಲಿ ವಿಮಾನಗಳ ರೇಡಾರಿಗೆ ಹೊದಿಕೆಗಳನ್ನು ಮಾಡಿದರು. ರೇಡಿಯೋ ಅಲೆಗಳು ಅದರ ಮೂಲಕ ಹಾಯ್ದುಹೋಗುವುವು. ಯುದ್ಧಾನಂತರ ಅದೇ ವಸ್ತು ದೋಣಿಗೂ, 1953ರಲ್ಲಿ ಷೆವರ್ಲೆ ಕಾರ್ವೆಟ್ ಕಾರಿನ ಮೈಗೂ ಬಂದಿತು. ಮ್ಯಾನ್ ದ್ವೀಪದ ಪೀಲ್ ಸಂಸ್ಥೆಯು ದೋಣಿಗಳನ್ನೂ ಮೋಟಾರ್ ಸೈಕಲಿನ ಗಾಳಿಮರೆಗಳನ್ನೂ ಇದರಿಂದ ಮಾಡುತ್ತಿದ್ದು, 1962ರಲ್ಲಿ ಒಬ್ಬನೇ ಕೂರಬಲ್ಲ ಪುಟ್ಟ ಕಾರೊಂದನ್ನೂ ಹೊರತಂದಿತು.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಮುಂದಿನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ. ಮೊದಲು ಮರ ಅಥವಾ ಗಾರೆಯಿಂದ ಟ್ಯಾಂಕಿನ ಮಾದರಿಯನ್ನು ಕಡೆದು ನುಣುಪು ಮಾಡುವರು. ಅದರ ಮೇಲೆ ಗಾಜಿನಾರನ್ನೇ ಹಚ್ಚಿ ಒಳಗೂಡಿನ ಅಚ್ಚನ್ನು ತೆಗೆಯುವರು. ಅಚ್ಚಿಗೆ ಮೇಣ ಬಳಿದು, ಬಣ್ಣದ ರಾಳದ ಒಂದು ತೆಳುಪದರವನ್ನು ಹರಡಿ, ಅದರ ಮೇಲೆ ಗಾಜಿನ ನೂಲಿನ ಚಾಪೆಯನ್ನು ಹಾಸಿ, ಕುಂಚದಿಂದ ರಾಳವನ್ನು ಊಡಿಸಿ, ಉರುಳೆಯಿಂದ ಗಾಳಿಗುಳ್ಳೆಗಳನ್ನು ಹೊರದೂಡುವರು. ರಾಳಕ್ಕೆ ಬೆರಸಿದ ಗಟ್ಟಿಕಾರಕ ದ್ರವ್ಯದಿಂದ ಅದು ತಾನಾಗಿಯೇ ಬಿಸಿಯೇರಿ ಗಟ್ಟಿಯಾಗುತ್ತದೆ. ಕೊನೆಗೆ ಮೇಲ್ಭಾಗವನ್ನೂ ತಳವನ್ನೂ ಕೂಡಿಸಿ ಒಳಗಿನಿಂದ ಬೆಸೆಯುವರು. ಒಲೆ ಬೇಡ, ಒತ್ತುಯಂತ್ರ ಬೇಡ. ಅಚ್ಚೊಂದು ಕೈಗೆ ಬಂದರೆ ಹತ್ತು ಟ್ಯಾಂಕುಗಳಿಗೂ ಲಾಭವುಂಟು. ಪಂದ್ಯದ ನಾರ್ಟನ್ನಿನ ನೀಳವಾದ, ಮೊಣಕಾಲಿಗೆ ತಗ್ಗು ಕೊಟ್ಟ ಟ್ಯಾಂಕಿನ ಆಕಾರವನ್ನು ಸಾಮಾನ್ಯ ಕೂಲಿಯ ಹುಡುಗನೂ ಕೊಳ್ಳುವಂತಾದದ್ದು ಹೀಗೆ.

ಈ ವ್ಯಾಪಾರದಿಂದ ಕೆಲವರು ಕೇವಲ ವರ್ತಕರಾಗಿ ಉಳಿಯಲಿಲ್ಲ. ದಕ್ಷಿಣ ಲಂಡನ್ನಿನ ಪಾಲ್ ಡನ್‌ಸ್ಟಾಲ್ ಬಿಡಿಭಾಗಗಳ ಪಟ್ಟಿಯಿಂದ ತೊಡಗಿ ಪೂರ್ಣ ವಾಹನಗಳನ್ನೇ ಕಟ್ಟಿ ಮಾರುವಷ್ಟು ಬೆಳೆದು, 1966ರಲ್ಲಿ ಸ್ವತಂತ್ರ ತಯಾರಕನೆಂದು ಮಾನ್ಯತೆ ಪಡೆದನು. ಡ್ರೆಸ್ಡಾ ಹೆಸರಿನಲ್ಲಿ ಟ್ರೈಟನ್ನುಗಳನ್ನು ಕಟ್ಟುತ್ತಿದ್ದ ಡೇವ್ ಡೀಗನ್ಸ್ 1965ರಲ್ಲಿ ಬಾರ್ಸಿಲೋನಾದ 24 ಗಂಟೆಗಳ ಪಂದ್ಯವನ್ನು ಜೊತೆಗಾರನೊಬ್ಬನೊಡನೆ ತನ್ನ ವಾಹನದ ಮೇಲೆಯೇ ಗೆದ್ದನು. ಹ್ಯಾಂಪ್‌ಷೈರಿನ ರಿಕ್‌ಮನ್ ಸಹೋದರರು ತಮ್ಮ ‘ಮೆಟಿಸ್’ ಚೌಕಟ್ಟನ್ನು ಎಂಜಿನ್ನಿಲ್ಲದೆಯೇ, ಫೈಬರ್‌ಗ್ಲಾಸಿನ ಮೈಭಾಗಗಳೊಡನೆ, ಕಟ್ಟುಗಳಾಗಿ ಮಾರಿದರು. ಮೆಟಿಸ್ ಎಂಬ ಫ್ರೆಂಚ್ ಶಬ್ದಕ್ಕೆ ಬೆರಕೆ ತಳಿ ಎಂದು ಅರ್ಥ. ಹೆಸರು ಚೆನ್ನಾಗಿ ಒಪ್ಪುತ್ತದೆ.

ದೊಡ್ಡ ಕಾರ್ಖಾನೆಗಳು ಇದನ್ನು ನೋಡಿ ಸುಮ್ಮನಿರಲಿಲ್ಲ, ಅನುಕರಿಸತೊಡಗಿದುವು. 1961ರಲ್ಲಿ ಇಂಗ್ಲೆಂಡಿನ ಕಾನೂನು ಕಲಿಯುವ ಸವಾರರನ್ನು 250 ಸಿ. ಸಿ. ವಾಹನಗಳಿಗೆ ಸೀಮಿತಗೊಳಿಸಿತು. ಆ ವಯಸ್ಸಿನ ಗಿರಾಕಿಗಳನ್ನು ಸೆಳೆಯಲು ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು 250 ಸಿ. ಸಿ. ಯ ‘ಕಾಂಟಿನೆಂಟಲ್ ಜಿ. ಟಿ.’ ವಾಹನವನ್ನು 1964ರ ಕೊನೆಗೆ ಹೊರತಂದಿತು. ಅದರ ಕೆಂಪು ಟ್ಯಾಂಕು ಫೈಬರ್‌ಗ್ಲಾಸಿನದು. ತಗ್ಗಿದ ಹಿಡಿಗಳೂ ಹಿಂದಕ್ಕೆ ಸರಿಸಿದ ಕಾಲ್ಮಣೆಗಳೂ ಕಾರ್ಖಾನೆಯಿಂದಲೇ ಬಂದುವು. ಸ್ಕಾಟ್ಲೆಂಡಿನ ಉತ್ತರ ತುದಿಯಿಂದ ಕಾರ್ನ್‌ವಾಲ್‌ನ ತುದಿಯವರೆಗೆ ಅದನ್ನು 24 ಗಂಟೆಗಳೊಳಗೆ ಓಡಿಸಿ ಪ್ರಚಾರ ಪಡೆದರು. ಬೀದಿಯ ಹುಡುಗರು ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದನ್ನು ಕಾರ್ಖಾನೆಯು ಒಟ್ಟಾಗಿ ಮಾರಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. ಇದೇ ಸಂಸ್ಥೆಯ ಹೆಸರು 1955ರಿಂದ ಮದರಾಸಿನಲ್ಲಿ ನೆಲೆಯೂರಿದುದು ನಮ್ಮವರಿಗೆ ತಿಳಿದೇ ಇದೆ; ರೆಡ್ಡಿಚ್ ಕಾರ್ಖಾನೆಯಾದರೋ 1967ರಲ್ಲಿ ಮುಚ್ಚಿತು. ಆ ವರ್ಷವೇ ಪ್ರದರ್ಶಿತವಾದ ನಾರ್ಟನ್ ಕಮಾಂಡೋ ಸಹ ಮೊದಮೊದಲು ಫೈಬರ್‌ಗ್ಲಾಸ್ ಟ್ಯಾಂಕನ್ನು ಹೊತ್ತಿತ್ತು.

ಆದರೆ ಒತ್ತುಯಂತ್ರವನ್ನು ಬೇಡದ ಈ ವಿದ್ಯೆಯು ತನಿಖೆಯನ್ನೂ ಬೇಡುತ್ತಿರಲಿಲ್ಲ. ಗಟ್ಟಿಕಾರಕವು ಕಡಮೆಯಾದರೆ ರಾಳವು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಬಿರುಸಾಗಿ ಬಿರುಕುಬಿಡುತ್ತದೆ. ಚಳಿಗಾಲದ ಶೆಡ್ಡಿನಲ್ಲಿ ಮಾಡಿದುದು ಬೇಸಗೆಯಲ್ಲಿ ಮಾಡಿದುದಕ್ಕೆ ಸಮವಲ್ಲ. ಎಂಜಿನ್ನಿನ ನಡುಕದಿಂದ ಬೆಸುಗೆಯ ಸಾಲಿನಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದು ಪೆಟ್ರೋಲ್ ಜಿನುಗಬಹುದು. ಉಕ್ಕಿನ ಟ್ಯಾಂಕು ಏಟು ತಿಂದರೆ ತಗ್ಗುಬೀಳುವುದು, ಇದು ಸೀಳಿಹೋಗುವುದು; ಕೆಳಗೆ ಕಾದ ಎಂಜಿನ್, ಮೇಲೆ ಸವಾರನ ತೊಡೆ. ಒಳ್ಳೆಯ ಟ್ಯಾಂಕಿಗೂ ಕೆಟ್ಟ ಟ್ಯಾಂಕಿಗೂ ಹೊರಗಿನಿಂದ ಭೇದ ಕಾಣುತ್ತಿರಲಿಲ್ಲ, ಎರಡಕ್ಕೂ ಅದೇ ಹೊಳಪು. ಪ್ರಾಮಾಣಿಕ ಕೆಲಸಗಾರನಿಗೆ ಇದರಿಂದಾದ ಹಾನಿ ಅಲ್ಪವಲ್ಲ.

ಕೊನೆಗೆ ಬ್ರಿಟನ್ನಿನ ವಾಹನ ನಿಯಮಗಳು, 1973ರ ಜುಲೈ 1ರಂದು ಅಥವಾ ಅನಂತರ ಮೊದಲು ಬಳಕೆಗೆ ಬಂದ ವಾಹನಗಳ ಪೆಟ್ರೋಲ್ ಟ್ಯಾಂಕು ಲೋಹದ್ದೇ ಆಗಿರಬೇಕೆಂದು ವಿಧಿಸಿದುವು. ಹಳೆಯ ವಾಹನಗಳಿಗೆ ಇದು ತಗಲಲಿಲ್ಲ. ಮುಂದೆ ಈ ಕಟ್ಟಳೆಯು ಸಡಿಲವಾಗಿ, ಯೂರೋಪಿನ ಗೊತ್ತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಅವಕಾಶವಾಯಿತು. ಇಂದು ನಮ್ಮ ಸುತ್ತ ಓಡುವ ಕಾರುಗಳಲ್ಲಿ ಬಹುಪಾಲಿನ ಟ್ಯಾಂಕು ಪಾಲಿಎಥಿಲೀನಿನದೇ. ಅಂದಮೇಲೆ ನಿಷೇಧದ ನಿಜವಾದ ಪರಿಣಾಮವೇನೆಂಬುದನ್ನು ವಿಚಾರಿಸಬೇಕಾಗಿದೆ. ಪ್ಲಾಸ್ಟಿಕ್ ಸೋಲಲಿಲ್ಲ; ಪರೀಕ್ಷಾಲಯವನ್ನು ಕಟ್ಟಲಾಗದ, ಬೆಂಕಿಯ ಪರೀಕ್ಷೆಗಾಗಿ ಟ್ಯಾಂಕುಗಳನ್ನು ಸುಡಲು ಹಣವಿಲ್ಲದ ಶೆಡ್ಡು ಸೋತಿತು. ನಿಯಮವು ಅನ್ಯಾಯವೆಂದು ನಾನು ಹೇಳಲಾರೆ. ಸವಾರನ ಪ್ರಾಣವು ಕಸಬಿಗಿಂತ ದೊಡ್ಡದು. ಆದರೆ ಪರೀಕ್ಷೆಯ ವೆಚ್ಚವು ಯಾರ ಮೇಲೆ ಬಿದ್ದಿತೆಂಬುದನ್ನು ಕಾಣದ ಇತಿಹಾಸವು ಅರ್ಧ ಇತಿಹಾಸ. ವಿಚಿತ್ರವೆಂದರೆ, ಇಂತಹ ರಾಳಗಳನ್ನು ತಯಾರಿಸುತ್ತಿದ್ದ, 1951ರಲ್ಲಿ ನೌಕರರ ಸಮುದಾಯದ ಸ್ವತ್ತಾಗಿ ಮಾರ್ಪಟ್ಟ ಸ್ಕಾಟ್ ಬೇಡರ್ ಸಂಸ್ಥೆಯನ್ನು ಇ. ಎಫ್. ಷೂಮಾಕರ್ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಗ್ರಂಥದಲ್ಲಿ ಆದರ್ಶವಾಗಿ ಎತ್ತಿ ಹೇಳಿದುದೂ ಅದೇ 1973ರಲ್ಲಿಯೇ.

ಉಳಿದ ಹಳೆಯ ಟ್ಯಾಂಕುಗಳಿಗೆ ಈಗ ಬೇರೊಂದು ವಿಪತ್ತು ಒದಗಿದೆ. ಪೆಟ್ರೋಲಿಗೆ ಬೆರಸುವ ಎಥೆನಾಲ್ ಹಳೆಯ ಪಾಲಿಯೆಸ್ಟರ್ ರಾಳವನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕು ಉಬ್ಬಿ ಚೌಕಟ್ಟಿನ ಮೇಲೆ ಕೂರದಂತಾಗುತ್ತದೆ, ಬಣ್ಣವು ಗುಳ್ಳೆಯೇಳುತ್ತದೆ, ಕರಗಿದ ರಾಳವು ಪೆಟ್ರೋಲಿನೊಡನೆ ಹರಿದು ಕಾರ್ಬ್ಯುರೇಟರಿನಲ್ಲಿಯೂ ಕವಾಟಗಳ ಕಾಂಡದ ಮೇಲೂ ಅಂಟಾಗಿ ನಿಲ್ಲುತ್ತದೆ. ಗ್ರೇಟ್ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥೆನಾಲ್ ಇರುವುದು ರೂಢಿಗೆ ಬಂದಿತು. ಶೇಕಡ 20ರ ಮಿಶ್ರಣವನ್ನು ನಮ್ಮ ದೇಶದಲ್ಲಿ ಪ್ರಧಾನಮಂತ್ರಿಗಳು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಉದ್ಘಾಟಿಸಿದರು. ಕಬ್ಬು ಬೆಳೆಯುವ ರೈತನಿಗೂ ವಿದೇಶೀ ವಿನಿಮಯಕ್ಕೂ ಈ ಮಿಶ್ರಣದಿಂದ ಸಿಗುವ ಅನುಕೂಲವು ಬೇರೆ ಮಾತು. ಇಲ್ಲಿ ಪ್ರಸ್ತುತವಾದುದು ಇಷ್ಟು: ಕಾಗದದ ದಾಖಲೆಯನ್ನು ಬಿಟ್ಟುಹೋಗದ ಕಸಬಿನ ಏಕೈಕ ಸಾಕ್ಷ್ಯವಾದ ವಸ್ತುವು ತನ್ನ ಹೊಟ್ಟೆಯೊಳಗಿನಿಂದಲೇ ಕರಗುತ್ತಿದೆ. ರಾಳವನ್ನು ಊಡಿಸಿದ ಕುಂಚದ ಗೆರೆ, ಚಾಪೆಯ ಮಡಿಕೆ, ಬೆಸೆದ ಸಾಲಿನ ಓರೆಕೋರೆ, ಇವೆಲ್ಲ ಟ್ಯಾಂಕಿನ ಒಳಮೈಯಲ್ಲಿಯೇ ಕಾಣತಕ್ಕವು. ಮಾಡಿದವನ ಕೈಯನ್ನು ಗುರುತಿಸಲು ಬೇರೆ ಸಾಧನವಿಲ್ಲ.

ವಾಹನದ ಒಡೆಯರು ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡಿರುವರು. ಕೆಲವರು ಟ್ಯಾಂಕಿನ ಒಳಗೆ ಎಪಾಕ್ಸಿ ಜಾತಿಯ ಲೇಪನವನ್ನು ಹುಯ್ದು ಹರಡುತ್ತಾರೆ. ಅದು ಹಿಡಿದರೆ ಟ್ಯಾಂಕು ಉಳಿಯುತ್ತದೆ, ಒಳಮೈಯ ಗುರುತುಗಳು ಮುಚ್ಚಿಹೋಗುತ್ತವೆ. ಇನ್ನು ಕೆಲವರು ಅದೇ ಆಕಾರದ ಅಲ್ಯೂಮಿನಿಯಮ್ ಟ್ಯಾಂಕನ್ನು ಮಾಡಿಸಿ ವಾಹನಕ್ಕೆ ಕೂಡಿಸಿ, ಹಳೆಯದನ್ನು ತೊಳೆದು, ಒಣಗಿಸಿ, ಬರಿದಾಗಿ ಗೋಡೆಗೆ ತೂಗುಹಾಕುತ್ತಾರೆ.