ಸಿ-ತಂತಿ

ಉತ್ತರ ಅಮೆರಿಕದ ಮನೆಗಳಲ್ಲಿ ಥರ್ಮೊಸ್ಟಾಟನ್ನು ಫರ್ನೇಸಿನ 24 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿ ಮಂಡಲ ಪೂರ್ಣಗೊಳಿಸುವ ತಂತಿ; ‘ಸಿ’ ಎಂದರೆ ಕಾಮನ್. ಪಾದರಸದ ಹಳೆಯ ಥರ್ಮೊಸ್ಟಾಟ್ ಬರೀ ಸ್ವಿಚ್ಚು, ಅದಕ್ಕೆ ಇದು ಬೇಕಿರಲಿಲ್ಲ. ವೈಫೈ, ಪರದೆಗಳಿರುವ ಸ್ಮಾರ್ಟ್ ಥರ್ಮೊಸ್ಟಾಟಿಗೆ ಸದಾ ವಿದ್ಯುತ್ ಬೇಕು. ಸಿ-ತಂತಿ ಇಲ್ಲದಿದ್ದರೆ ಕೆಲವು ಮಾದರಿಗಳು ಕಾವು ಅಥವಾ ತಂಪಿನ ಮಂಡಲದಿಂದಲೇ ಚೂರುಚೂರು ವಿದ್ಯುತ್ ಎಳೆದುಕೊಳ್ಳುತ್ತವೆ. ಇದೊಂದು ಜಾಣ ಕಳ್ಳತನ. ಬ್ಯಾಟರಿ ಇಳಿಯುವುದು, ವೈಫೈ ಕಡಿಯುವುದು, ರಿಲೇ ಪಟಪಟ ಬಡಿಯುವುದು ಅದರ ಫಲ.

ಪರದೆ ಪೂರ್ತಿ ಕಪ್ಪಾದರೆ ದೋಷ ಹೆಚ್ಚಾಗಿ ಬೇರೆಡೆ ಇರುತ್ತದೆ: ಫರ್ನೇಸಿನ ಬಾಗಿಲು ಸರಿಯಾಗಿ ಕೂರದೆ ಸುರಕ್ಷಾ ಸ್ವಿಚ್ ಬಿಟ್ಟಿರಬಹುದು, ನಿಯಂತ್ರಣ ಫಲಕದ 3 ಅಥವಾ 5 ಆಂಪಿಯರ್ ಫ್ಯೂಸ್ ಹೋಗಿರಬಹುದು, ಏಸಿಯ ನೀರು ಕಟ್ಟಿಕೊಂಡು ಫ್ಲೋಟ್ ಸ್ವಿಚ್ ವಿದ್ಯುತ್ತನ್ನು ತಡೆದಿರಬಹುದು. ವಿದ್ಯುತ್ ತರುವ ‘ಆರ್’ ತಂತಿ ಮತ್ತು ಸಿ ನಡುವೆ ಮಲ್ಟಿಮೀಟರ್ 24 ವೋಲ್ಟಿನ ಆಸುಪಾಸು ತೋರಿಸಬೇಕು. ಬಣ್ಣವನ್ನು ನಂಬುವಂತಿಲ್ಲ, ತಂತಿಯ ಆಚೆ ತುದಿ ಫರ್ನೇಸಿನ ಯಾವ ಅಕ್ಷರಕ್ಕೆ ಸೇರಿದೆ ಎಂಬುದೇ ಪ್ರಮಾಣ. ಸಿ-ತಂತಿ ಜೋಡಿಸಿರದಿದ್ದರೂ ಎಷ್ಟೋ ಸಲ ಗೋಡೆಯೊಳಗೆ ಬಳಸದ ತಂತಿಯೊಂದು ಮಡಚಿಕೊಂಡು ಬಿದ್ದಿರುತ್ತದೆ, ಅದನ್ನೇ ಸಿ ಆಗಿ ಬಳಸಬಹುದು. ಇಲ್ಲವಾದರೆ ಪ್ಲಗ್ಗಿಗೆ ಹಾಕುವ 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಕು.

240 ವೋಲ್ಟಿನ ಬೇಸ್‌ಬೋರ್ಡ್ ಹೀಟರಿಗೆ ಈ 24 ವೋಲ್ಟಿನ ಥರ್ಮೊಸ್ಟಾಟನ್ನು ಜೋಡಿಸಲೇಬಾರದು.