ಬಾಣದ ಗುರುತಿನ ಬೋರ್ಡು

ವಿಮಾನಕ್ಕೆ ಗುಂಡು ಹಾರಿಸುವುದರ ಅರ್ಧ ಉದ್ದೇಶ ಹೆದರಿಸುವುದು. ಪೈಲಟ್ ಜೀವದಾಸೆಗೆ ಪಕ್ಕಕ್ಕೆ ತಿರುಗಿದರೆ ಹಡಗು ಬಚಾವ್! 1944ರ ಅಕ್ಟೋಬರಿನಲ್ಲಿ, ಫಿಲಿಪೈನ್ಸಿನ ಲೇತೆ ಬಳಿ, ಜಪಾನಿನ ಕಾಮಿಕಾಝೆಗಳು ಈ ಲೆಕ್ಕವನ್ನೇ ಬುಡಮೇಲು ಮಾಡಿದರು. ಸಾಯಲೆಂದೇ ಬಂದವನನ್ನು ಹೆದರಿಸುವುದು ಹೇಗೆ?

ನನ್ನನ್ನು ಹೆಚ್ಚು ಕಾಡುವವರು ಮಾತ್ರ ಒಕಿನಾವಾ ಸುತ್ತ ರೇಡಾರ್ ಕಾವಲಿಗೆ ನಿಂತಿದ್ದ ಅಮೆರಿಕದ ಸಣ್ಣ ಹಡಗುಗಳ ಹುಡುಗರು. ನಿದ್ದೆಯಿಲ್ಲ, ಆಕಾಶ ನೋಡುತ್ತಾ ಕಾಯುವುದೇ ಕೆಲಸ. 1945ರ ಏಪ್ರಿಲ್ 16ರಂದು ‘ಲಾಫಿ’ ಹಡಗಿನ ಮೇಲೆ 20ಕ್ಕೂ ಹೆಚ್ಚು ವಿಮಾನಗಳು ಒಂದರ ಹಿಂದೊಂದು ಎರಗಿದವು. 32 ಮಂದಿ ಸತ್ತರು, ಹಡಗು ಮುಳುಗಲಿಲ್ಲ.

ಇಂಥದ್ದೇ ಇನ್ನೊಂದು ಹಡಗಿನವರು ದೊಡ್ಡ ಬಾಣ ಬರೆದು, ‘ವಿಮಾನವಾಹಕ ಹಡಗುಗಳು ಆ ಕಡೆ’ ಅಂತ ಬೋರ್ಡು ಹಾಕಿದ್ದರಂತೆ. ಓದಿದಾಗ ಜೋರಾಗಿ ನಕ್ಕೆ. ತಮಾಷೆಗೆ ಬರೆದದ್ದೇ ಹೌದಾ ಅಂತ ಆಮೇಲೆ ಅನುಮಾನ ಬಂತು...