ಸ್ಟುಟ್‌ಗಾರ್ಟ್‌ನ ವಿದ್ಯಾರ್ಥಿ ಮಂಟಪಗಳು

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ನಗರ ಆವರಣದಲ್ಲಿ 2010ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಸಂಶೋಧನಾ ಮಂಟಪಗಳು ಎದ್ದು ನಿಂತವು. ಕಟ್ಟಿದವರು ಅಲ್ಲಿನ ವಿದ್ಯಾರ್ಥಿಗಳು, ಮತ್ತು ಅವರ ಜೊತೆಗೆ ಎರಡು ಸಂಸ್ಥೆಗಳ ಸಂಶೋಧಕರು. ಕಂಪ್ಯೂಟರ್ ಆಧಾರಿತ ವಿನ್ಯಾಸಕ್ಕೆಂದು ಆಖಿಮ್ ಮೆಂಗೆಸ್ 2008ರಲ್ಲಿ ಆರಂಭಿಸಿದ ಐಸಿಡಿ ಒಂದು. ಯಾನ್ ಕ್ನಿಪ್ಪರ್ಸ್ ಮುಖ್ಯಸ್ಥರಾಗಿದ್ದ, ಕಟ್ಟಡದ ಭಾರ ಹೊರುವ ರಚನೆಗಳನ್ನು ಅಭ್ಯಾಸ ಮಾಡುವ ಐಟಿಕೆಇ ಇನ್ನೊಂದು. ಈ ಮಂಟಪಗಳಲ್ಲಿ ಯಾರೂ ವಾಸಿಸಬೇಕಿರಲಿಲ್ಲ, ಕಟ್ಟಿಸಿಕೊಳ್ಳುವ ಗಿರಾಕಿಯೂ ಇರಲಿಲ್ಲ. ಸ್ವಲ್ಪ ಕಾಲ ನಿಂತು ಬಿಚ್ಚಿಹೋಗುವ ರಚನೆಗಳಾದ್ದರಿಂದಲೇ, ದೊಡ್ಡ ಕಟ್ಟಡದಲ್ಲಿ ಯಾವ ಎಂಜಿನಿಯರೂ ಸುಲಭವಾಗಿ ಒಪ್ಪದ ಸಾಹಸಗಳಿಗೆ ಅಲ್ಲಿ ಎಡೆ ಸಿಕ್ಕಿತು.

ಈ ಪರಂಪರೆಯ ಬೇರು ಐಸಿಡಿಗಿಂತ ಬಹಳ ಹಳೆಯದು. 1925ರಲ್ಲಿ ಹುಟ್ಟಿದ ಫ್ರೈ ಒಟ್ಟೊ ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದು, ಕೊನೆಗೆ ಫ್ರಾನ್ಸಿನ ಶಾರ್ತ್ರ್ ಬಳಿ ಯುದ್ಧಕೈದಿಯಾದರು. ಶಿಬಿರದ ಕಟ್ಟಡ ಕೆಲಸದ ಹೊಣೆ ಅವರ ಮೇಲೆ ಬಿತ್ತು. ಸಾಮಗ್ರಿಗೆ ಮಾತ್ರ ಬರ. ಅತಿ ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಜಾಗಕ್ಕೆ ಸೂರು ಹಾಕುವುದು ಹೇಗೆ ಎಂಬುದು ಮುಂದೆ ಅವರ ಜೀವಮಾನದ ಪ್ರಶ್ನೆಯಾಯಿತು. 1961ರಲ್ಲಿ ಬರ್ಲಿನ್ನಿನಲ್ಲಿ ಜೀವವಿಜ್ಞಾನಿ ಯೋಹಾನ್ ಗೆರ್ಹಾರ್ಡ್ ಹೆಲ್ಮ್‌ಕೆ ಅವರೊಡನೆ ಸೇರಿ ಜೀವವಿಜ್ಞಾನ ಮತ್ತು ಕಟ್ಟಡವನ್ನು ಒಟ್ಟಿಗೆ ನೋಡುವ ಅಧ್ಯಯನ ಗುಂಪು ಕಟ್ಟಿದರು. 1964ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹಗುರ ರಚನೆಗಳ ಸಂಸ್ಥೆ ಸ್ಥಾಪಿಸಿದರು. 1967ರ ಮಾಂಟ್ರಿಯಲ್ ವಿಶ್ವಪ್ರದರ್ಶನದ ಜರ್ಮನ್ ಮಂಟಪಕ್ಕಾಗಿ ಪ್ರಯೋಗಾರ್ಥ ಕಟ್ಟಿ ನೋಡಿದ ಗುಡಾರವೇ ಆಮೇಲೆ ಸ್ಟುಟ್‌ಗಾರ್ಟ್‌ನ ಫೈಹಿಂಗೆನ್‌ನಲ್ಲಿ ಆ ಸಂಸ್ಥೆಯ ಮನೆಯಾಯಿತು.

ಒಟ್ಟೊ ಆಕಾರವನ್ನು ಕಾಗದದ ಮೇಲೆ ಬರೆದು ಹುಡುಕಲಿಲ್ಲ. ತಂತಿಯ ಚೌಕಟ್ಟನ್ನು ಸಾಬೂನು ನೀರಿನಲ್ಲಿ ಅದ್ದಿ ತೆಗೆದರೆ ಆ ಅಂಚುಗಳ ನಡುವೆ ಸಾಧ್ಯವಾದಷ್ಟು ಕಡಿಮೆ ಮೇಲ್ಮೈಯ ಪೊರೆಯೊಂದು ತಾನಾಗಿ ನಿಲ್ಲುತ್ತದೆ. ಗುಡಾರದ ಆಕಾರ ಅಲ್ಲಿಂದ ಬಂತು. ತೂಗುಬಿಟ್ಟ ಸರಪಳಿಯಲ್ಲಿ ಎಳೆತ ಬಿಟ್ಟರೆ ಬೇರೆ ಬಲವಿಲ್ಲ. ಅದೇ ರೇಖೆಯನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಉಳಿಯುವ ಕಮಾನು ಸಿಗುತ್ತದೆ. 1975ರ ಮಾನ್‌ಹೈಮ್‌ನ ಮಲ್ಟಿಹಾಲೆ ಎಂಬ ಸಭಾಂಗಣ ಹುಟ್ಟಿದ್ದು ಇಂಥ ಸರಪಳಿ ಮಾದರಿಯಿಂದ. ಸುಮಾರು 5 ಸೆಂಟಿಮೀಟರ್ ಚೌಕದ ಮರದ ರೀಪುಗಳನ್ನು ನೆಲದ ಮೇಲೆ ಚಪ್ಪಟೆ ಜಾಲರಿಯಾಗಿ ಹಾಸಿ, ಕೆಳಗಿನಿಂದ ಎತ್ತಿ ಬಾಗಿಸಿ, ಆಮೇಲೆ ಬೋಲ್ಟುಗಳನ್ನು ಬಿಗಿದರು. ಲೆಕ್ಕವನ್ನಷ್ಟೇ ನಂಬುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ನೀರು ತುಂಬಿದ ಕಸದ ಡಬ್ಬಗಳನ್ನು ಚಾವಣಿಯಿಂದ ನೇತುಹಾಕಿ ಅದರ ಬಲ ಪರೀಕ್ಷಿಸಿದರು.

ಕೈಮಾದರಿಗೆ ಎಲ್ಲಿ ಮಿತಿ ಎಂಬುದು ಅದಕ್ಕೂ ಮೊದಲೇ, 1972ರ ಮ್ಯೂನಿಕ್ ಒಲಿಂಪಿಕ್ಸ್ ಚಾವಣಿಯಲ್ಲಿ ಗೊತ್ತಾಗಿತ್ತು. ಗ್ಯುಂಟರ್ ಬೇನಿಶ್ ಅವರ ಆ ಯೋಜನೆಯಲ್ಲಿ ಒಟ್ಟೊ ಸಲಹೆಗಾರರು. ಮಾದರಿಯನ್ನು ಎಷ್ಟೇ ಜಾಗ್ರತೆಯಿಂದ ಅಳೆದರೂ ಅಷ್ಟು ದೊಡ್ಡ ಬಲೆಯ ಕೇಬಲ್ಲುಗಳನ್ನು ಕತ್ತರಿಸುವಷ್ಟು ನಿಖರತೆ ಅದರಿಂದ ಸಿಗುತ್ತಿರಲಿಲ್ಲ. ಆಗ ಸ್ಟುಟ್‌ಗಾರ್ಟ್‌ನ ಭೂಮಾಪನ ಪ್ರಾಧ್ಯಾಪಕ ಕ್ಲಾಸ್ ಲಿಂಕ್‌ವಿಟ್ಸ್ ಮತ್ತು ಅವರ ಸಂಗಡಿಗರು ಬಲೆಯ ಸಮತೋಲವನ್ನು ಕಂಪ್ಯೂಟರ್ ಬಿಡಿಸಬಲ್ಲ ಸಮೀಕರಣಗಳಿಗೆ ಇಳಿಸಿದರು. ಫೋರ್ಸ್ ಡೆನ್ಸಿಟಿ ಎಂದು ಹೆಸರಾದ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸಾಬೂನು ಪೊರೆಯ ಊರಿನಲ್ಲೇ ಅದರ ಗಣಿತವೂ ಬೆಳೆಯಿತು ಎಂಬುದು ಮುಂದಿನ ಕತೆಗೆ ಮುಖ್ಯ.

ಇತ್ತ ಯಂತ್ರಗಳ ಕಡೆಯ ಬೆಳವಣಿಗೆ ಬೇರೆ ಹಾದಿಯಲ್ಲಿ ಸಾಗಿತ್ತು. ಅಂಕಿಗಳ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ತೋರಿಸಿತ್ತು. ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಅಲ್ಲಿಯೇ 1963ರಲ್ಲಿ ಐವಾನ್ ಸದರ್ಲೆಂಡ್ ಅವರ ಪಿಎಚ್.ಡಿ. ಪ್ರಬಂಧವಾಗಿ ಬಂತು. ಆದರೂ ವಾಸ್ತುಶಿಲ್ಪ ಶಾಲೆಗಳಲ್ಲಿ ಬಹುಕಾಲ ಕಂಪ್ಯೂಟರ್ ನಕ್ಷೆಯ ಉಪಕರಣವಾಗಿಯೇ ಉಳಿಯಿತು. ಕಾರು ಕಾರ್ಖಾನೆಯ ರೋಬೋಟ್ ತೋಳನ್ನು ತರಗತಿಯ ಕೆಲಸಕ್ಕೆ ತಂದವರಲ್ಲಿ ಮೊದಲಿಗರು ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಫಾಬಿಯೊ ಗ್ರಾಮಾತ್ಸಿಯೊ ಮತ್ತು ಮಥಿಯಾಸ್ ಕೋಲರ್. 2006ರಲ್ಲಿ ಅವರ ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮಿನಂತೆ ರೋಬೋಟ್ ಒಂದೊಂದು ಇಟ್ಟಿಗೆಯನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಗೋಡೆ ಪೇರಿಸಿತು. ಅದೇ ವಿಧಾನದಲ್ಲಿ ಫ್ಲೆಶ್ ಎಂಬ ಹಳ್ಳಿಯ ಗಾಂಟೆನ್‌ಬೈನ್ ವೈನ್ ತಯಾರಿಕಾ ಕಟ್ಟಡಕ್ಕೆ ಸುಮಾರು 20,000 ಇಟ್ಟಿಗೆಗಳ ಹೊರಗೋಡೆ ಸಿದ್ಧವಾಯಿತು. ವಿದ್ಯಾರ್ಥಿಗಳ ಅಭ್ಯಾಸವೊಂದು ಇಷ್ಟು ಬೇಗ ಕಟ್ಟಡವಾದ ಉದಾಹರಣೆಗಳು ವಿರಳ.

ಸ್ಟುಟ್‌ಗಾರ್ಟ್‌ನ ಹೊಸ ಪೀಳಿಗೆ ಒಟ್ಟೊ ಅವರ ಪ್ರಶ್ನೆಯನ್ನೂ ಈ ಯಂತ್ರಗಳನ್ನೂ ಒಂದೆಡೆ ತಂದಿತು. 2010ರ ಮೊದಲ ಮಂಟಪಕ್ಕೆ ಬಳಸಿದ್ದು ಬರೀ 6.5 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್. ರೋಬೋಟ್ ಚಪ್ಪಟೆಯಾಗಿ ಕತ್ತರಿಸಿ ಕೊಟ್ಟ ಪಟ್ಟಿಗಳನ್ನು ವಿದ್ಯಾರ್ಥಿಗಳು ಅಕ್ಕಪಕ್ಕಕ್ಕೆ ಜೋಡಿಸುತ್ತ ಹೋದಂತೆ, ಒಂದು ಪಟ್ಟಿಯ ಬಾಗಿದ ಭಾಗವನ್ನು ಪಕ್ಕದ ಪಟ್ಟಿಯ ಬಿಗಿದ ಭಾಗ ಹಿಡಿದು ನಿಲ್ಲಿಸುತ್ತಿತ್ತು. ಹೆದೆಯೇರಿಸಿದ ಬಿಲ್ಲಿನಂತೆ, ಬಾಗಿದ್ದರಿಂದಲೇ ಅದಕ್ಕೆ ಬಿಗಿ. 500ಕ್ಕೂ ಹೆಚ್ಚು ತುಂಡುಗಳಲ್ಲಿ ಯಾವುದೂ ಇನ್ನೊಂದರಂತಿರಲಿಲ್ಲ. ಪ್ಲೈವುಡ್ ಎಷ್ಟು ಬಾಗುತ್ತದೆ ಎಂಬುದನ್ನು ಮೊದಲು ಪ್ರಯೋಗದಿಂದ ಅಳೆದು, ಆ ಅಳತೆಗಳನ್ನೇ ಕಂಪ್ಯೂಟರ್ ಮಾದರಿಯೊಳಗೆ ನಿಯಮವಾಗಿ ಕೂರಿಸಿದ್ದರು. ಮಲ್ಟಿಹಾಲೆಯ ರೀಪುಗಳು ಮಾಡಿದ್ದನ್ನೇ ಇವು ಇನ್ನೊಂದು ಬಗೆಯಲ್ಲಿ ಮಾಡಿದವು. ಆದರೆ ಮಾನ್‌ಹೈಮ್‌ನಲ್ಲಿ ಜಾಲರಿ ಉದ್ದಕ್ಕೂ ಒಂದೇ ಬಗೆಯದು. ಇಲ್ಲಿ ಪ್ರತಿ ತುಂಡಿಗೂ ತನ್ನದೇ ಅಳತೆ. ಯಂತ್ರದಿಂದ ಬಂದ ನಿಜವಾದ ಲಾಭ ಇದು: ಒಂದೇ ಅಚ್ಚಿನ ಸಾವಿರ ತುಂಡು ಕತ್ತರಿಸುವುದಕ್ಕೂ ಸಾವಿರ ಅಚ್ಚಿನ ಸಾವಿರ ತುಂಡು ಕತ್ತರಿಸುವುದಕ್ಕೂ ರೋಬೋಟಿಗೆ ಹೆಚ್ಚು ವ್ಯತ್ಯಾಸವಿಲ್ಲ.

2011ರಲ್ಲಿ ಜೀವವಿಜ್ಞಾನ ಒಳಗೆ ಬಂತು. ಸ್ಯಾಂಡ್ ಡಾಲರ್ ಎಂಬ ಚಪ್ಪಟೆ ಕಡಲ ಜೀವಿಯ ಚಿಪ್ಪು ಅನೇಕ ಫಲಕಗಳಿಂದ ಆಗಿದೆ. ಆ ಫಲಕಗಳ ಅಂಚಿನಲ್ಲಿರುವ ಸಣ್ಣ ಮೊನಚುಗಳು ಒಂದರೊಳಗೊಂದು ಕೂತು ಚಿಪ್ಪನ್ನು ಹಿಡಿದಿಡುತ್ತವೆ. ಬಡಗಿಗಳು ಹಲ್ಲು ಹಲ್ಲಾಗಿ ಕತ್ತರಿಸಿ ಎರಡು ಹಲಗೆಗಳನ್ನು ಕೂಡಿಸುವ ಫಿಂಗರ್ ಜಾಯಿಂಟ್‌ಗೂ ಇದಕ್ಕೂ ಇರುವ ಹೋಲಿಕೆ ತಂಡದ ಕಣ್ಣಿಗೆ ಬಿತ್ತು. ಅದೇ ತೆಳು ಪ್ಲೈವುಡ್ಡಿನಿಂದ 850ಕ್ಕೂ ಹೆಚ್ಚು ಭಿನ್ನ ಭಾಗಗಳು, 1,00,000ಕ್ಕೂ ಹೆಚ್ಚು ಹಲ್ಲುಗಳು ರೋಬೋಟಿನಲ್ಲಿ ಕತ್ತರಿಸಲ್ಪಟ್ಟವು. ಫಲಕಗಳನ್ನು ಅಂಟಿಸಿ ಗೂಡುಗಳಾಗಿ ಮಾಡಿ, ಆ ಗೂಡುಗಳನ್ನು ಸ್ಕ್ರೂ ಹಾಕಿ ಜೋಡಿಸಿದರು. ಹಾಗಾಗಿ ಬಿಚ್ಚಿ ಮತ್ತೆ ಕಟ್ಟಲೂ ಬರುತ್ತಿತ್ತು.

ಮರದಿಂದ ನಾರಿಗೆ ತಿರುಗಿದ್ದು 2012ರಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳ ಜೊತೆ ಅಭ್ಯಾಸ ಮಾಡಿದ್ದು ಸಿಗಡಿಯ ದೊಡ್ಡ ಬಂಧುವಾದ ಲಾಬ್‌ಸ್ಟರ್‌ನ ಹೊರಕವಚವನ್ನು. ಅದರಲ್ಲಿ ನಾರುಗಳು ಬಲ ಒಂದೇ ದಿಕ್ಕಿನಿಂದ ಬರುವ ಕಡೆ ಸಾಲಾಗಿ, ಎಲ್ಲ ದಿಕ್ಕಿನಿಂದ ಬರುವ ಕಡೆ ಸುರುಳಿ ಪದರಗಳಾಗಿ ಹರಡಿರುತ್ತವೆ. ತಿರುಗುವ ಉಕ್ಕಿನ ಚೌಕಟ್ಟಿಗೆ ರೋಬೋಟ್ ರಾಳದಲ್ಲಿ ತೊಯ್ದ ಗಾಜಿನ ನಾರನ್ನೂ ಕಾರ್ಬನ್ ನಾರನ್ನೂ ಸುತ್ತಿತು. ರಾಳ ಗಟ್ಟಿಯಾದ ಮೇಲೆ ಚೌಕಟ್ಟನ್ನು ಕಳಚಿದರು. ಉಳಿದ ಚಿಪ್ಪು 4 ಮಿಲಿಮೀಟರ್ ದಪ್ಪ, 8 ಮೀಟರ್ ಹರವು, ತೂಕ 320 ಕಿಲೋಗಿಂತ ಕಡಿಮೆ. ಆದರೆ ಒಂದು ಮಂಟಪಕ್ಕೆ ಅಷ್ಟೇ ದೊಡ್ಡ ಚೌಕಟ್ಟು ಬೇಕೆಂಬುದು ದೊಡ್ಡ ತೊಡಕು.

ಆ ತೊಡಕನ್ನು ಬಿಡಿಸಿದ್ದು 2013–14ರ ಮಂಟಪ, ಇಡೀ ಸಾಲಿನಲ್ಲಿ ಬಹುಶಃ ಅತಿ ಫಲವತ್ತಾದದ್ದು. ಜೀರುಂಡೆಯ ಗಟ್ಟಿ ಹೊರರೆಕ್ಕೆಯನ್ನು ಕಾರ್ಲ್ಸ್‌ರೂಹೆಯಲ್ಲಿ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದಾಗ ಕಂಡದ್ದು ಎರಡು ಪದರ, ನಡುವೆ ಅವುಗಳನ್ನು ಕೂಡಿಸುವ ಪುಟ್ಟ ಕಂಬಗಳು. ಎರಡು ರೋಬೋಟ್‌ಗಳು ಒಂದೊಂದು ಚೌಕಟ್ಟನ್ನು ಹಿಡಿದುಕೊಂಡವು. ನಡುವೆ ನಾರು ಗಾಳಿಯಲ್ಲಿ ನೇರವಾಗಿ ಬಿಗಿಯಾಯಿತು. ಮೇಲೆ ಸುತ್ತಿದ ಪ್ರತಿ ಎಳೆಯೂ ಕೆಳಗಿನ ಎಳೆಗಳನ್ನು ಒತ್ತುತ್ತ ಹೋಗಿ ಎರಡು ಕಡೆಗೂ ಬಾಗಿದ ಮೇಲ್ಮೈ ತಾನಾಗಿ ಮೂಡಿತು. ಅಚ್ಚು ಬೇಕಿರಲಿಲ್ಲ, ಸುತ್ತುವ ಅನುಕ್ರಮವೇ ಆಕಾರವನ್ನು ನಿರ್ಧರಿಸುತ್ತಿತ್ತು. ಸಾಬೂನು ಪೊರೆಗೆ ಆಕಾರವನ್ನು ಬಿಟ್ಟುಕೊಟ್ಟ ಒಟ್ಟೊ ಅವರ ರೀತಿಗೆ ಇದಕ್ಕಿಂತ ಹತ್ತಿರದ ಉತ್ತರಾಧಿಕಾರಿ ಇನ್ನೊಂದಿಲ್ಲ. 36 ಭಾಗಗಳಲ್ಲಿ ಅತಿ ದೊಡ್ಡದರ ತೂಕ 24.1 ಕಿಲೋ, 50 ಚದರ ಮೀಟರ್ ಮುಚ್ಚಿದ ಇಡೀ ಮಂಟಪ 593 ಕಿಲೋ. ವಿದ್ಯಾರ್ಥಿಗಳು, ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ಜೀವವಿಜ್ಞಾನಿಗಳು ಸೇರಿ ಇದಕ್ಕೆ ಒಂದೂವರೆ ವರ್ಷ ದುಡಿದರು.

ಮುಂದಿನವು ಒಂದೊಂದೂ ಒಂದೊಂದು ಪ್ರಶ್ನೆ ಹಿಡಿದು ಹೊರಟವು. 2014–15ರಲ್ಲಿ ನೀರೊಳಗೆ ಗಾಳಿಗುಳ್ಳೆ ಕಟ್ಟಿ ಬಾಳುವ ಜೇಡವನ್ನು ಅನುಸರಿಸಿ, ಗಾಳಿ ತುಂಬಿದ ಪಾರದರ್ಶಕ ಪೊರೆಯ ಒಳಗೇ ರೋಬೋಟನ್ನು ನಿಲ್ಲಿಸಿ, ಒಳಮೈಗೆ ಕಾರ್ಬನ್ ನಾರು ಅಂಟಿಸಿದರು. 2015–16ರಲ್ಲಿ ತೆಳು ಬೀಚ್ ಪ್ಲೈವುಡ್ಡನ್ನು ಕೈಗಾರಿಕಾ ಹೊಲಿಗೆ ಯಂತ್ರದಲ್ಲಿ ಹೊಲಿದರು. ರೋಬೋಟ್ ಮರವನ್ನು ಹಿಡಿದು ಸೂಜಿಯಡಿ ಸಾಗಿಸುತ್ತಿತ್ತು. 151 ಭಾಗಗಳ ಆ ಮಂಟಪ 85 ಚದರ ಮೀಟರ್ ಮುಚ್ಚಿಯೂ 780 ಕಿಲೋ ಮಾತ್ರ ತೂಗಿತು. 2016–17ರಲ್ಲಿ ಎರಡು ರೋಬೋಟ್‌ಗಳ ನಡುವೆ ನಾರನ್ನು ಹೊತ್ತು ಹಾರಲು ಡ್ರೋನ್ ಬಂತು. ಎಲೆಯ ಎರಡು ಅಂಚಿಗೂ ರೇಷ್ಮೆ ಬಿಗಿದು ಗೂಡು ಮಾಡುವ ಪುಟ್ಟ ಪತಂಗದ ಮರಿಗಳಿಂದ ಕಲಿತದ್ದು ಅದು. 184 ಕಿಲೋಮೀಟರ್ ನಾರು ಸುತ್ತಿ, ಒಂದೇ ಕಡೆ ಊರಿ ನಿಂತ 12 ಮೀಟರ್ ಉದ್ದದ ಚಾಚು ಸಿದ್ಧವಾಯಿತು.

ಆವರಣದಲ್ಲಿ ಕಲಿತದ್ದು ಊರುಗಳಿಗೆ ಹರಿಯಿತು. 2011ರ ಹಲ್ಲುಜೋಡಣೆ 2014ರಲ್ಲಿ ಶ್ವೇಬಿಶ್ ಗ್ಮ್ಯುಂಡ್‌ನ ಉದ್ಯಾನ ಪ್ರದರ್ಶನದಲ್ಲಿ 243 ಬೀಚ್ ಪ್ಲೈವುಡ್ ಫಲಕಗಳ ಸಭಾಂಗಣವಾಯಿತು. ಇದು ಶಾಶ್ವತ ಬಳಕೆಯ ಕಟ್ಟಡ. 2019ರಲ್ಲಿ ಹೈಲ್‌ಬ್ರಾನ್‌ನ ರಾಷ್ಟ್ರೀಯ ಉದ್ಯಾನ ಪ್ರದರ್ಶನದಲ್ಲಿ ಎರಡು ಧಾರೆಗಳೂ ಒಂದೇ ಮೈದಾನದಲ್ಲಿ ನಿಂತವು: 376 ಭಾಗಗಳಿಂದಾಗಿ 30 ಮೀಟರ್ ಹರವಿದ ಮರದ ಮಂಟಪ, ಮತ್ತು ನಾರಿನಿಂದ ಸುತ್ತಿದ 60 ಭಾಗಗಳು ಹೊತ್ತ ಪಾರದರ್ಶಕ ಗುಮ್ಮಟ. ನಾರಿನದು ಜೀರುಂಡೆ ಮಂಟಪದ ನೇರ ಸಂತತಿ.

ನಾರಿನ ಧಾರೆಗೆ ಒಂದು ಆಕ್ಷೇಪ ಮೊದಲಿನಿಂದಲೂ ಅಂಟಿಕೊಂಡಿತ್ತು. ಕಾರ್ಬನ್ ಮತ್ತು ಗಾಜಿನ ನಾರು ತೂಕದಲ್ಲಿ ಹಗುರವಾದರೂ ತಯಾರಿಕೆಗೆ ಅಪಾರ ಶಕ್ತಿ ಬೇಡುತ್ತವೆ, ರಾಳದೊಡನೆ ಗಟ್ಟಿಯಾದ ಮೇಲೆ ಬೇರ್ಪಡಿಸುವುದು ಕಷ್ಟ. ಇದಕ್ಕೆ ಉತ್ತರವಾಗಿ 2021ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಸ್ಟುಟ್‌ಗಾರ್ಟ್ ಮತ್ತು ಫ್ರೈಬುರ್ಗ್ ವಿಶ್ವವಿದ್ಯಾಲಯಗಳು ಸೇರಿ ಲಿವ್‌ಮ್ಯಾಟ್‌ಎಸ್ ಮಂಟಪವನ್ನು ಕಟ್ಟಿದವು. ಅದರ ಭಾರ ಹೊರುವ ಭಾಗಗಳನ್ನು ರೋಬೋಟ್ ಅದೇ ಹಳೆಯ ಕ್ರಮದಲ್ಲಿ, ಅಚ್ಚಿಲ್ಲದೆ ಸುತ್ತಿತು. ಕಾರ್ಬನ್ ಬದಲಿಗೆ ಈ ಸಲ ಬಳಸಿದ್ದು ಅಗಸೆ ಗಿಡದ ನಾರು.